ಕಾಳಿನ ಪ್ಯಾಟ್ಯಾಗ ನಿಂತ ಲೆಕ್ಕ

ದೀಪ ಹೋದದ್ದು ಛಲೋನ ಆತು. ಬರ್ರಿ, ಹಿಂಗ ಹತ್ತರ ಸರಕೊಂಡು ಕುಂದರ್ರಿ. ಆಗಿಂದ ದೆವ್ವದ ಕತಿ ಹೇಳು ಚಿಗವ್ವಾ, ದೆವ್ವದ ಕತಿ ಹೇಳು ಅಂತ ನನ್ನ ಜೀವಾ ತಿನ್ನಾಕತ್ತೀರಿ. ಬಿಳೀ ಸೀರಿ ಉಟ್ಟ ದೆವ್ವ, ಕಾಲ ಹಿಂದ ಮುಂದ ಇದ್ದ ದೆವ್ವ ನಾ ಕಂಡಿಲ್ಲ. ಕಂಡೇನಿ ಅಂತ ಸುಳ್ಳ ಹೇಳಂಗೂ ಇಲ್ಲ. ಇದು ನಮ್ಮ ತವರಮನ್ಯಾಗ ಆದದ್ದು. ನಮ್ಮ ದೊಡ್ಡಪ್ಪನ ಮಗ ನೀಲಕಂಠಪ್ಪಗ ಆದದ್ದು. ನಾವು ಅವಗ ನೀಲಣ್ಣ ಅಂತಿದ್ದಿವಿ. ನಡುವ ಯಾರರ ನಕ್ಕರ ನಾ ಎದ್ದ ಹೋಗಾಕಿ, ಮೊದಲ ಹೇಳಿರ್ತೇನಿ.

ಆ ರಾತ್ರಿ ನೀಲಣ್ಣ ಒಬ್ಬನ ಹೊಂಟಿದ್ದ. ಹುಬ್ಬಳ್ಳ್ಯಾಗ, ಹಳೇ ಕಾಳಿನ ಪ್ಯಾಟಿ ಬಾವಿ ಮುಂದ ಹಾದು. ಕೈಯಾಗ ಒಂದ ಬ್ಯಾಟರಿ. ಮನ್ಯಾಗ ನಮ್ಮ ವೈನಿ ಶಿವಬಸವ್ವಗ ಬ್ಯಾನಿ ಸುರು ಆಗಿದ್ದವು. ಚೊಚ್ಚಲ ಹೆರಿಗಿ. ಸೂಲಗಿತ್ತಿ ರಾಜಬಿ ಮನಿ ಇದ್ದದ್ದು ಪ್ಯಾಟಿ ಹಿಂದಿನ ಗಲ್ಲ್ಯಾಗ. ದೊಡ್ಡ ಹಾದೀಲೆ ಸುತ್ತ ಹಾಕಿ ಹೋದರ ಹೊತ್ತ ಹಿಡೀತಿತ್ತು. ಪ್ಯಾಟಿ ನಡುವ ಹಾದರ ಲಗೂ. ಅವ ನಡುವ ಹಾದ.

ಅಷ್ಟ ಅವ ಮಾಡಿದ್ದು… ನಡುವ ಹಾದದ್ದು.

ನಿಂದರ್ರಿ. ಆ ಪ್ಯಾಟ್ಯಾಗ ಅದಕ್ಕೂ ಮೊದಲ ಏನಾಗಿತ್ತು ಅಂತ ಹೇಳಲಿಲ್ಲಂದರ ನಿಮಗ ಒಂದೂ ತಿಳಿಯಂಗಿಲ್ಲ.

ಈಗ ನೀವು ಕಿಲೋ ಅಂತೀರಿ. ಆಗ ಕಿಲೋ ಎಲ್ಲಿತ್ತು? ಬಾಜೂ ಹಳ್ಳ್ಯಾಂವ ಬರ್ಲಿ, ಮತ್ತ್ಯಾವ ಊರಾಂವ ಬರ್ಲಿ, ಚಕ್ಕಡಿ ತಂದು ಪ್ಯಾಟಿ ಫರಸಿ ಮ್ಯಾಲ ಜ್ವಾಳ ಸುರುವಿದರ ಅದನ್ನ ಅಳಿಯಾಂವ ಹುಚ್ಚಪ್ಪ. ಕಡ್ಡಿಯಂಥಾ ಮುದುಕ, ಮೊಣಕಾಲ ಮಟಾ ಧೋತರ. ಅವನ ಕೈಯಾಗ ಕಟ್ಟಿಗಿ ಕೊಳಗ, ಅದರ ಬಾಯಿಗೆ ಕಬ್ಬಿಣದ ಪಟ್ಟಿ. ರಾಶಿಯೊಳಗ ಕೊಳಗ ಹೊಗಸಿದ ಅಂದರ… ಖರ್ರ್. ಅಂಗೈಲೆ ಬಾಯಿ ಸವರಿದ ಅಂದರ… ಸುಂಯ್. ಆ ಕಡೆ ಸುರುವಿದ ಅಂದರ… ಸರ್ರ್ರ್. ಮೊದಲನೇ ಕೊಳಗಕ್ಕ ಒಂದು ಅನ್ನಂಗಿಲ್ಲ. ಲಾಭ ಅನಬೇಕು. 'ಲಾಭೋ ಲಾಭ… ಲಾಭೋ ಲಾಭ…' ಹಿಂಗ ಹಾಡಿಧಂಗ ಅನಕೋತನ ಎರಡನೇದ್ದು ತುಂಬಂವ. ಅದು ಬಿತ್ತೋ, 'ಎರಡೋ ಎರಡ… ಎರಡೋ ಎರಡ…' ಮೂರನೇದ್ದು ಬೀಳೋ ತನಕಾ ಅದ. ಬಾಯಾಗಿನ ಲೆಕ್ಕ ಒಂದ ಕ್ಷಣಾನೂ ಬಿಡಂಗಿಲ್ಲ. ರಾಶಿ ಮುಗಿಯೋ ತನಕಾ ಯಾರೂ ಅವನ್ನ ಮಾತಾಡಸಂಗಿಲ್ಲ. ಗಿರಾಕಿ ಇರ್ಲಿ, ಮಾಲಕ ಇರ್ಲಿ.

ಆದರ ಅಳಿಯಾಂವನೂ ಮನಶಾನ ಅಲ್ಲೇನು? ಒಮ್ಮೊಮ್ಮಿ ಕೆಮ್ಮ ಬರ್ತೈತಿ, ಲೆಕ್ಕ ತಡವರಸ್ತೈತಿ. ಅದಕ್ಕ ರಾಶಿ ಮುಂದ ಒಬ್ಬಾಂವ ಕುಂತಿರ್ತಿದ್ದ. ಅಳಿಯಾಂವ ತಡವರಿಸಿದರ ಮುಂದಿನ ಲೆಕ್ಕ ಅವ ಅನಬೇಕು. ಎತ್ತಿಕೊಡೋದು ಅಂತಿದ್ದರು ಅದಕ್ಕ. ಆದರ ಎತ್ತಿಕೊಟ್ಟಾಂವ ಸುಮ್ಮ ಕುಂದರಾಕ ಬರಂಗಿಲ್ಲ. ಎದ್ದ ಬಂದು ಕೊಳಗಾ ತನ್ನ ಕೈಗೆ ತಗೋಬೇಕು, ರಾಶಿ ತಾನ ಮುಗಸಬೇಕು. ಲೆಕ್ಕ ಯಾರ ಬಾಯಾಗ ಐತಿ, ಕೊಳಗ ಅವರ ಕೈಯಾಗ. ಇದು ಪ್ಯಾಟಿ ಕಾಯದೆ.

ನೀಲಣ್ಣ ಬೆಳದದ್ದ ಆ ರಾಶಿ ಮುಂದ. ದೊಡ್ಡಪ್ಪಂದು ಕಾಳಿನ ಅಡತಿ ಅಂಗಡಿ ಇತ್ತು. ಎತ್ತಿಕೊಟ್ಟು ಎತ್ತಿಕೊಟ್ಟು ಅವನ ನಾಲಿಗಿಗೆ ಅದು ರೂಢಿನ ಆಗಿತ್ತು. ನಿದ್ದಿಗಣ್ಣಾಗ ಇದ್ದಾಗ ನಾವು ಕಿವ್ಯಾಗ 'ಒಂಬತ್ತೋ ಒಂಬತ್ತ' ಅಂದರ ಅವ 'ಹತ್ತು' ಅಂತ ಮಗ್ಗಲಾಗಿ ಮಲಗತಿದ್ದ. ನಾವು ಬಿದ್ದ ಬಿದ್ದ ನಗತಿದ್ದಿವಿ.

ಆಮ್ಯಾಲ ಕಿಲೋ ಬಂತು. ಕೊಳಗ, ಸೇರು ಎಲ್ಲಾ ಬಂದ್ ಮಾಡ್ರಿ ಅಂತ ಹುಕುಂ ಆತು. ಅದ ವ್ಯಾಳ್ಯಾಕ್ಕ ಪ್ಯಾಟಿ ವ್ಯಾಪಾರಸ್ಥರು ಕೂಡಿ ಒಂದ ಕಮಿಟಿ ಮಾಡಿದರು. ಹೆಂಚಿನ ಹಳೇ ಪ್ಯಾಟಿ ಕೆಡವಿ ಸಿಮೆಂಟಿನ ಪ್ಯಾಟಿ ಕಟ್ಟೋದು, ಕೆಳಗ ಅಂಗಡಿ, ಮ್ಯಾಲ ಆಫೀಸು, ಬಾವಿ ಮುಚ್ಚಿ ಅಲ್ಲಿ ದೊಡ್ಡ ತಕ್ಕಡಿ ಇಡೋದು. ದೊಡ್ಡಪ್ಪ ತೀರಿಕೊಂಡಿದ್ದ, ಅಂಗಡಿ ನೀಲಣ್ಣನ ಕೈಯಾಗ ಬಂದಿತ್ತು. ಓದಿದಾಂವ, ಹುರುಪಿನಾಂವ. ಅವನ್ನ ಸೆಕ್ರೆಟರಿ ಮಾಡಿದರು.

ಹಳಬರಿಗೆ ಸಿಟ್ಟ ಬಂತು. ನಮ್ಮ ಪಡಸಾಲ್ಯಾಗ ಬಂದು ಕುಂತು ಒದರ್ಯಾಡಿದರು. "ನಮ್ಮ ಮುತ್ಯಾರು ಕುಂತ ಫರಸಿ ಇದು. ಎಲ್ಲಾ ಒಡದ ಹಾಕ್ತೀಯೇನೋ ತಮ್ಮಾ?"

ನೀಲಣ್ಣ ಕೈ ಮುಗದು ಅಂದ, "ಕಾಕಾ, ಹಂಗ ಯಾಕ ಅಂತೀರಿ? ಹಳೇದನ್ನ ನಾವು ಮರಿಯಂಗಿಲ್ರಿ. ಹುಚ್ಚಪ್ಪನ ಕೊಳಗ ಹೊಸಾ ಆಫೀಸಿನ್ಯಾಗ ಗಾಜಿನ ಕಪಾಟದಾಗ ಇಡ್ತೇವಿ. ಕಡೇ ರಾಶಿ ಹುಚ್ಚಪ್ಪನ ಕೈಲೇ ಅಳಸ್ತೇವಿ, ಶಾಲು ಹೊಚ್ಚಿ ಸತ್ಕಾರ ಮಾಡ್ತೇವಿ, ಫೋಟೋ ತಗಸ್ತೇವಿ. ಮೊಮ್ಮಕ್ಕಳು ನೋಡ್ಲಿ."

ಹಳಬರಿಗೆ ಸಮಾಧಾನ ಆತು. ನೀಲಣ್ಣನ ಮನಸಿನ್ಯಾಗ ಖೋಟಿ ಇರಲಿಲ್ಲ ನೋಡ್ರಿ. ಅದಕ್ಕ ನನಗ ಇವತ್ತಿಗೂ ಹೊಟ್ಟಿ ಉರೀತೈತಿ. ಕೆಟ್ಟ ಮಾಡಾಕ ಹೋದಾಂವಗ ಕೆಟ್ಟ ಆದರ ಆಗ್ಲಿ. ಇವ ಛಲೋ ಮಾಡಾಕ ಹೋಗಿದ್ದ.

ಸಮಾರಂಭದ ದಿನ ಪೆಂಡಾಲ ಹಾಕಿದರು, ಬ್ಯಾಂಡ ಬಾರಿಸಿದರು. ಯಾರೋ ದೊಡ್ಡ ಸಾಹೇಬರನ್ನ ಕರಸಿದ್ದರು, ಅವರು ಬಂದದ್ದ ತಡಾ ಆಗಿ. ಫರಸಿ ಮ್ಯಾಲ ಜ್ವಾಳದ ರಾಶಿ. ಹುಚ್ಚಪ್ಪ ರಾಶಿಗೆ ಕೈ ಮುಗದು ಸುರು ಮಾಡಿದ. 'ಲಾಭೋ ಲಾಭ…' ಹೆಣಮಕ್ಕಳ ಸಾಲಿನ್ಯಾಗ ನಾನೂ ಕುಂತಿದ್ದೆ. ಅವನ ದನಿ ಕೇಳಿ ಕಾಯಿಪಲ್ಲೆ ಮಾರೋ ಮುದಕ್ಯಾರು ಸೆರಗಿಲೆ ಕಣ್ಣ ಒರಸಿಕೊಂಡರು. ಮುಂದ ಸಾಹೇಬರು ಗಡಿಯಾರ ನೋಡಿಕೊಳ್ಳಾಕತ್ತರು. ಒಮ್ಮಿ ನೋಡಿದರು, ಮತ್ತೊಮ್ಮಿ ನೋಡಿದರು. ರಾಶಿ ಇನ್ನಾ ಅರ್ಧಾನೂ ಮುಗದಿರಲಿಲ್ಲ. ನೀಲಣ್ಣ ಎದ್ದ.

"ಸಾಕು ಹುಚ್ಚಪ್ಪ. ಸಾಹೇಬರಿಗೆ ಹೊತ್ತಾತು."

ಹುಚ್ಚಪ್ಪ ತಲಿ ಅಲ್ಲಾಡಿಸಿದ. ಕಣ್ಣ ದೊಡ್ಡೂ ಮಾಡಿದ. ಬಾಯಿ ಮಾತ್ರ ಬಿಡಲಿಲ್ಲ. "ಹದಿನಾಕೋ ಹದಿನಾಕ… ಹದಿನಾಕೋ ಹದಿನಾಕ…"

ನೀಲಣ್ಣ ನಕ್ಕೋತ ಅವನ ಕೈಯಾಗಿನ ಕೊಳಗಾ ತಗೊಂಡ. ಅರ್ಧಾ ತುಂಬಿತ್ತು ಅದು. ಬಾಜೂಕ ಇಟ್ಟ. ಮಾಲಿ ಹಾಕಿದರು, ಶಾಲು ಹೊಚ್ಚಿದರು, ಫೋಟೋದಾಂವ ದೀಪ ಫಳ್ ಅನಿಸಿದ. ಮಂದಿ ಚಪ್ಪಾಳಿ ಹೊಡೀತು. ನಾನೂ ಹೊಡದೆ. ಉಳದ ರಾಶಿ ಸಂಜೀಕ ತಕ್ಕಡ್ಯಾಗ ಹಾಕಿ ತೂಗಿದರು.

ಹುಚ್ಚಪ್ಪ ಶಾಲು ಹೊದಕೊಂಡ ಮನಿಗೆ ಹೋದ. ತುಟಿ ಹಂಗ ಆಡತಿದ್ದವು. ಸೊಸಿ ಗಂಜಿ ತಂದರ ಬಾಯಿ ತಗೀಲಿಲ್ಲ. ನೀರ ತಂದರ ತಗೀಲಿಲ್ಲ. ಬಾಯಾಗ ಲೆಕ್ಕ ಐತಲ್ಲ… ನೀರ ಕುಡದರ ಲೆಕ್ಕ ಹೋದೀತು. ಓಣ್ಯಾಗಿನವರಿಗೆ ಗೊತ್ತಿರಲಿಲ್ಲೇನು, ಒಬ್ಬಾಂವರ 'ಹದಿನೈದು' ಅಂದರ ಮುದುಕನ ಬಾಯಿ ಬಿಡುಗಡಿ ಆಗ್ತೈತಿ ಅಂತ? ಗೊತ್ತಿತ್ತು. ಯಾರೂ ಅನಲಿಲ್ಲ. ಅಂದಾಂವ ಕೊಳಗ ಹಿಡೀಬೇಕು. ಕೊಳಗ ಆಗಲೇ ಕಮಿಟಿ ಕಪಾಟದಾಗ ಹೋಗಿ ಕುಂತಿತ್ತು, ಅದಕ್ಕ ಕೀಲಿ ಬಿದ್ದಿತ್ತು.

ಮುದುಕ 'ಹದಿನಾಕು' ಅನಕೋತನ ಹೋದ. ನೀಲಣ್ಣ ಮಣ್ಣಿಗೆ ಹೋಗಿ ಬಂದು, "ವಯಸಾಗಿತ್ತು ಬಿಡ್ರಿ," ಅಂದ. ದೊಡ್ಡವ್ವ ಅವತ್ತ ಮಗಗ ಊಟಕ್ಕೂ ನೀಡಲಿಲ್ಲ, ನೀನ ನೀಡು ಅಂತ ನನಗ ಅಂದ್ಲು.

ಪ್ಯಾಟಿ ಕೆಡವಾಕ ಸುರು ಮಾಡಿದರು. ಅಲ್ಲಿ ರಾತ್ರಿ ಕಾಯಾಕ ಇಟ್ಟದ್ದು ಗೌಸಸಾಬನ್ನ, ರಾಜಬಿ ಗಂಡ. ಒಂದ ದಿನ ಮುಂಜಾನಿ ಅವ ನಮ್ಮ ಕಟ್ಟಿಗೆ ಬಂದು ನಿಂತ. ಸಣ್ಣ ದನೀಲೆ ಅಂದ.

"ಮಾಲಕರ… ರಾತ್ರಿ ಅಲ್ಲಿ ಯಾರೋ ಅಳೀತಾರ್ರಿ."

"ಏನ ಅಳೀತಾರಪಾ? ಒಂದ ಕಾಳ ಉಳದಿಲ್ಲ ಅಲ್ಲಿ."

"ಕಾಳಿನ ಸಪ್ಪಳಾ ಇಲ್ರಿ. ಬರೀ ಬಾಯಿ. ಒಂದ ಲೆಕ್ಕದ ಮ್ಯಾಲ ನಿಂತೈತ್ರಿ."

ನೀಲಣ್ಣ ನಕ್ಕ. "ಕಿವ್ಯಾಗ ಅರಳಿ ಇಟಕೊಂಡ ಮಲಕೋ ಗೌಸಸಾಬ."

"ಇಟಕೋತೇನ್ರಿ. ನೀವು ರಾತ್ರಿ ಆ ಕಡೆ ಬರಬ್ಯಾಡ್ರಿ. ಬಂದರೂ… ಬಾಯಿ ಬಿಡಬ್ಯಾಡ್ರಿ."

ಈಗ ಆ ರಾತ್ರಿಗೆ ಬರೂಣು. ಒಳಗ ವೈನಿ ಹಲ್ಲ ಕಚ್ಚಿ ಒದ್ದಾಡತಾಳ. ನೀಲಣ್ಣ ಚಪ್ಪಲಿ ಮೆಟ್ಟಿದಾಂವ ಓಡತಾನ. ಪ್ಯಾಟಿ ಅಗಸಿ ಬಾಗಲ ದಾಟಿದ. ಅರ್ಧಾ ಗ್ವಾಡಿ ನಿಂತಾವ, ಅರ್ಧಾ ಬಿದ್ದಾವ. ಕಾಲಾಗ ಹೆಂಚ ಮುರೀತು… ಚಟ್. ಬಾವ್ಯಾಗ ಒಂದ ಹನಿ ಬಿತ್ತು… ಟಪ್. ಆಮ್ಯಾಲ ಸುಮ್ಮ. ಅಷ್ಟರಾಗ ಬಾವಿ ಆ ಕಡೆಯಿಂದ…

"ಹದಿನಾಕೋ ಹದಿನಾಕ… ಹದಿನಾಕೋ ಹದಿನಾಕ…"

ಬಾಯಿ ಒಣಗಿದ ದನಿ. ನೀಲಣ್ಣಗ ಮೊದಲ ಹೆದರಿಕಿನ ಆಗಲಿಲ್ಲಂತ. ಹುಟ್ಟಿದಾಗಿಂದ ಕೇಳಿದ್ದ ದನಿ ಅಲ್ಲೇನು? ಅವನ ಧ್ಯಾನೆಲ್ಲಾ ವೈನಿ ಕಡೆ. ರಾಜಬಿ ಮನಿ ದೀಪ ಅಲ್ಲೇ ಕಾಣತಿತ್ತು. ಇನ್ನ ನಾಕ ಹೆಜ್ಜಿ ಇಟ್ಟ. ದನಿ ತಡವರಿಸಿತು. "ಹದಿ… ಹದಿ…" ಕೆಮ್ಮ ಬಂತು. ಖ್ಹುಂ… ಖ್ಹುಂ… ಆಮ್ಯಾಲ ದನಿ ಸಿಕ್ಕ ನಿಂತಿತು. ನೀಲಣ್ಣನ ನಾಲಿಗಿ ಅವನ ಮಾತ ಕೇಳಲಿಲ್ಲ.

"ಹದಿನೈದು."

ಅಂದಬಿಟ್ಟ.

ಕತ್ತಲದಾಗ ಯಾರೋ ಉಸಿರ ಬಿಟ್ಟರು… ಹ್ಹಾ… ತಲಿ ಮ್ಯಾಲಿನ ಚೀಲ ಇಳಿಸಿದಾಂವ ಬಿಡ್ತಾನಲ್ಲ, ಹಂಗ. ಬ್ಯಾಟರಿ ಆರಿತು. ಕೈಯಾಗಿಂದ ಜಾರಿ ಉಳ್ಳಿಕೋತ ಹೋಗಿ ಬಾವ್ಯಾಗ ಬಿತ್ತು… ಡುಬುಕ್. ಅವನ ಎರಡೂ ಕೈಯಾಗ ಈಗ ವಜ್ಜಿ ಬಂದಿತ್ತು. ಕಟ್ಟಿಗಿ. ಮ್ಯಾಲ ತಣ್ಣಗ ಕಬ್ಬಿಣದ ಪಟ್ಟಿ. ಕಪಾಟದ ಕೀಲಿ ಅವನ ಕಿಸೇದಾಗ ಇತ್ತು ನೋಡ್ರಿ… ಕೊಳಗ ಕೈಯಾಗ ಇತ್ತು.

ಸೊಂಟ ತಾನ ಬಾಗಿತು. ಖರ್ರ್… ಸುಂಯ್… ಸರ್ರ್ರ್… "ಹದಿನೈದೋ ಹದಿನೈದ…"

ಗೌಸಸಾಬನ್ನ ಕೂಗಬೇಕು ಅಂತ ಬಾಯಿ ತಗದ. "ಹದಿನಾರೋ ಹದಿನಾರ…" ರಾಜಬೀ ಅಂತ ಒದರಬೇಕು ಅಂತ ಬಾಯಿ ತಗದ. "ಹದಿನೇಳೋ ಹದಿನೇಳ…" ಕೂಗಿದರ ಕೇಳೋವಷ್ಟ ಹತ್ತರ ಅವರ ಮನಿ. ದನಿಯೇನೋ ದೊಡ್ಡದ ಬರತಿತ್ತು, ಮಾತ ಬರತಿರಲಿಲ್ಲ. ಗೌಸಸಾಬ, ರಾಜಬಿ ಇಬ್ಬರೂ ಕಿವ್ಯಾಗ ಅರಳಿ ಇಟಕೊಂಡ ಮನ್ಯಾಗ ಮಲಗಿದ್ದರು. ಇಟಕೋ ಅಂದಾಂವ ಇವನ ಅಲ್ಲೇನು.

ಇತ್ತ ಮನ್ಯಾಗ ನಾ, ದೊಡ್ಡವ್ವ, ವೈನಿ. ಮೂರೂ ಮಂದಿ ಹೆಣಮಕ್ಕಳು. ವೈನಿ ತಲಿ ನನ್ನ ತೊಡಿ ಮ್ಯಾಲ ಇತ್ತು.

"ಇವರು ಬಂದ್ರೇನು?"

"ಬರ್ತಾರ ವೈನಿ. ಈಗ ಬರ್ತಾರ."

ಬಾಗಲದ ಸಪ್ಪಳಾ ಆದಗೊಮ್ಮಿ ಕಣ್ಣ ತಗೀತಿದ್ಲು. "ಬಂದ್ರೇನು?" ನಾ ಪ್ರತಿ ಸಲ "ಬಂದಬಿಟ್ರು" ಅಂತಿದ್ದೆ. ಕಡೀಕ ದೊಡ್ಡವ್ವ ಹೋಗಿ ಬಾಜೂ ಮನಿಯಾಂವನ್ನ ಎಬ್ಬಿಸಿದ್ಲು. ಅವ ಸೈಕಲ್ ಹತ್ತಿ ದೊಡ್ಡ ಹಾದೀಲೆ ಹೋಗಿ ರಾಜಬೀನ ಎಬ್ಬಿಸಿದ. ರಾಜಬಿ, ಗೌಸಸಾಬ ಕಂದೀಲ ಹಿಡಕೊಂಡು ಪ್ಯಾಟಿ ನಡುವ ಹಾದು ಹೊಂಟರು, ಲಗೂ ಆಗ್ಲಿ ಅಂತ.

ಅಲ್ಲಿ ನೀಲಣ್ಣ. ಬಾಗತಾನ, ಏಳತಾನ. ಬಾಗತಾನ, ಏಳತಾನ. ಕೈಯಾಗ ಏನೂ ಇಲ್ಲ. ಒಡದ ಹೆಂಚಿನ್ಯಾಗ, ಕಲ್ಲಿನ್ಯಾಗ ಬರಿಗೈ ಹೊಗಸತಾನ, ಬರಿಗೈ ಸುರುವತಾನ. ಬೆರಳ ಒಡದು ರಕ್ತ ಸೋರತೈತಿ. ಗೌಸಸಾಬ ನನ್ನ ಮುಂದ ಆಣಿ ಮಾಡಿ ಹೇಳ್ಯಾನ, ಕೈಯಾಗ ಇದ್ದದ್ದು ಬರೀ ಮಣ್ಣು, ಆದರ ಬಿದ್ದ ಸಪ್ಪಳಾ ಜ್ವಾಳದ್ದು ಅಂತ.

"ಯಾ ಅಲ್ಲಾ… ಮಾಲಕರ…" ಅಂದ್ಲು ರಾಜಬಿ.

ಗೌಸಸಾಬ ಅಕಿ ಬಾಯಿ ಮುಚ್ಚಿದ. ಕಿವ್ಯಾಗ ಅಂದ, "ಮಾತಾಡಸಬ್ಯಾಡ. ಲೆಕ್ಕ ನಡದೈತಿ."

ನೀಲಣ್ಣನ ಗಲ್ಲದ ಮ್ಯಾಲ ನೀರು ಇಳಿಯಾಕತ್ತಿತ್ತು. ರಾಜಬೀನ ನೋಡಿದ. ಗದ್ದಾ ಎತ್ತಿ ನಮ್ಮ ಮನಿ ದಿಕ್ಕ ತೋರಿಸಿದ. "ಇಪ್ಪತ್ತೆಂಟೋ ಇಪ್ಪತ್ತೆಂಟ…" ಮತ್ತ ಗದ್ದಾ ಎತ್ತಿದ. ಹೋಗು ಅಂತ… ಲಗೂ ಹೋಗು ಅಂತ. ರಾಜಬಿ ಸೀರಿ ಎತ್ತಿಕಟ್ಟಿ ಓಡಿದ್ಲು.

ಅಕಿ ಬಂದಾಗ ಹೊತ್ತ ಮೀರಿತ್ತು. ಕೂಸು ಅಡ್ಡ ತಿರುಗಿತ್ತಂತ. ಬೆವತು, ಬೈದು, ದೇವರನ್ನ ಕರದು ಕೂಸಿನ್ನ ಉಳಿಸಿದ್ಲು. ಗಂಡು. ವೈನೀನ ಉಳಸಾಕ ಆಗಲಿಲ್ಲ. "ಇನ್ನೊಂದ ಸ್ವಲ್ಪ ಮೊದಲ ಬಂದಿದ್ದರ…" ಅಂದು ರಾಜಬಿ ತಲಿ ಬಡಕೊಂಡ್ಲು. ವೈನಿ ಕಡೇ ಮಾತೂ ಅದ. "ಬಂದ್ರೇನು?" ನಾ ಬಂದ್ರು ಅಂದೆ. ಬಾಗಲ ಕಡೆ ನೋಡಕೋತ ಹೋದ್ಲು. ನನ್ನ ಲಗ್ನಕ್ಕ ಸೀರಿ ಆರಸಾಕ ಮುಂದಿನ ವಾರ ಜೋಡಿ ಹೋಗೂಣು ಅಂದಾಕಿ.

ಬೆಳಕ ಹರದಾಗ ನೀಲಣ್ಣನ ಕೈ ಬಿಟ್ಟಿತು. ಕೈ ಅಷ್ಟ. ಗೌಸಸಾಬ ಹಿಡಕೊಂಡ ಕರಕೊಂಡ ಬಂದ. ದೊಡ್ಡವ್ವ ಬಾಗಲದಾಗ ನಿಂತಿದ್ಲು.

"ಗಂಡಸ ಮಗಾ ಹುಟ್ಟೇತೋ ನೀಲಕಂಠಾ… ಶಿವಬಸವ್ವ ಹೋದ್ಲೋ…"

ನೀಲಣ್ಣ ಎದಿ ಬಡಕೊಂಡ. ಅಳಾಕ ಅಂತ ಬಾಯಿ ತಗದ.

"ಮೂವತ್ತೊಂದೋ ಮೂವತ್ತೊಂದ… ಮೂವತ್ತೊಂದೋ ಮೂವತ್ತೊಂದ…"

ಹೆಂಡತಿ ಕುಣಿಗೆ ಮಣ್ಣ ಹಾಕೋ ಮುಂದನೂ ಅದ. ಬಂದ ಬೀಗರು ಹುಚ್ಚ ಹಿಡದೈತಿ ಅಂದರು. ಹುಚ್ಚ ಅಲ್ಲ ಅದು. ಕಣ್ಣಾಗ ಎಲ್ಲಾ ತಿಳೀತಿತ್ತು ಅವಗ. ಬಾಯಾಗ ತುತ್ತ ಇಟ್ಟರ ಗಂಟಲದಾಗ ಗುಂಯ್ ಅಂತ ಅದನ್ನ ಅನಕೋತ ನುಂಗಂವ. ಮಲಗಿದಾಗ ತುಟಿ ಆಡತಿದ್ದವು. ಧಾರವಾಡದ ಡಾಕ್ಟರಿಗೆ ತೋರಿಸಿದಿವಿ, ಗುಳಗಿ ಕೊಟ್ಟರು. ಮಠದ ಮಹಾಂತಯ್ಯನವರು ಬಂದು ಭಸ್ಮಾ ಹಚ್ಚಿ ಅವನ ಲೆಕ್ಕ ಕೇಳಕೋತ ಕುಂತರು.

"ರಾಶಿ ಮುಗಸಬೇಕಿತ್ತವ್ವಾ," ಅಂದರು. "ಈಗ ಆ ರಾಶಿ ಎಲ್ಲೈತಿ? ಮಂದಿ ಹೊಟ್ಯಾಗ ಹೋತು."

ಹೊಸಾ ಪ್ಯಾಟಿ ಆತು. ಬಾವಿ ಮುಚ್ಚಿದರು. ಕೊಳಗ ಗಾಜಿನ ಕಪಾಟದಾಗ ಕುಂತಿತು, ಕೆಳಗ ಹಿತ್ತಾಳಿ ಪಟ್ಟಿ, 'ಹಳೇ ಪ್ಯಾಟಿಯ ನೆನಪಿಗೆ'. ದೊಡ್ಡವ್ವ ಆಫೀಸಿಗೆ ಹೋಗಿ ಸೆರಗೊಡ್ಡಿ ಬೇಡಿಕೊಂಡ್ಲು. "ಅದನ್ನ ಒಂದ ದಿನ ಕೊಡ್ರಿ. ಹುಚ್ಚಪ್ಪನ ಮನಿಯವರ ಕೈಯಾಗ ಕೊಟ್ಟು ಬರ್ತೇನಿ." ಕಮಿಟಿಯವರು ಏನಂದರು ಗೊತ್ತೇನು? "ಅವ್ವಾರ, ಅದು ನೆನಪಿನ ಸಾಮಾನು. ಯಾರೂ ಮುಟ್ಟೂವಂಗಿಲ್ರಿ. ಈ ಕಾಯದೆ ಮಾಡಿದಾಂವ ನಿಮ್ಮ ನೀಲಕಂಠಪ್ಪನ." ಸುಡಗಾಡ ನೆನಪು! ಮನಶಾನ ಬಾಯಿ ಮುಚ್ಚಿಸಿ ಅವನ ಕೊಳಗಕ್ಕ ಗಾಜು ಹಾಕಿದರು.

ಒಂದ ದಿನ ದೊಡ್ಡವ್ವ ಮಗನ ಮುಂದ ಕುಂತ್ಲು. "ನಾ ತಗೋತೇನಪಾ. ನಂದೇನು, ಬದುಕಿ ಮುಗದೈತಿ. ನಾ ಎತ್ತಿಕೊಡ್ತೇನಿ." ಅಕಿ ಬಾಯಿ ತಗಿಯೂದರಾಗ ನೀಲಣ್ಣ ಎರಡೂ ಕೈಲೇ ಅಕಿ ಬಾಯಿ ಒತ್ತಿ ಹಿಡದ. ಆಮ್ಯಾಲ ಅಕಿ ಕಾಲ ಮ್ಯಾಲ ತಲಿ ಇಟ್ಟ. ತಾಯೀನ ಆ ಕತ್ತಲದಾಗ ಕಳಸಾಕ ಅವಗ ಮನಸಿರಲಿಲ್ಲ. ಅವತ್ತಿನಿಂದ ನಮ್ಮ ಮನ್ಯಾಗ ಎಣಸೋದ ಬಂದ್. ರೊಟ್ಟಿ ಎಣಸಂಗಿಲ್ಲ, ಸೀರಿ ಮಡಚಿ ಎಣಸಂಗಿಲ್ಲ. ಅವ ಹಿತ್ತಲಕೋಲ್ಯಾಗ, ಹುಡುಗ ಪಡಸಾಲ್ಯಾಗ. ಅಪ್ಪನ ಹತ್ತರ ಹೋಗಬ್ಯಾಡ ಅಂತ ಹುಡುಗಗ ಎಷ್ಟ ಹೊಡತಾ ಬಿದ್ದಾವೋ ದೇವರಿಗೆ ಗೊತ್ತು. ಬ್ಯಾರೆ ಮನ್ಯಾಗ ಹಂಗ ಹೇಳ್ತಾರೇನು? ಆದರ ನೀಲಣ್ಣ ತಾನ ಕೈ ಮುಗದು ಸನ್ನಿ ಮಾಡತಿದ್ದ, ಅವನ್ನ ದೂರ ಒಯ್ರಿ ಅಂತ.

ಹುಡುಗ ಬೆಳೀತು. ಸಾಲಿಗೆ ಹಾಕದ ಇರಾಕ ಬರತೈತೇನು? ಹಾಕಿದರು.

ನನ್ನ ಲಗ್ನಾಗಿ ನಾ ಈ ಧಾರವಾಡದ ಮಾಳಮಡ್ಡಿಗೆ ಬಂದಿದ್ದೆ. ಆ ವರ್ಷ ಪಂಚಮಿಗೆ ಹುಬ್ಬಳ್ಳಿಗೆ ಹೋಗಿದ್ದೆ. ದೊಡ್ಡವ್ವ ಒಲಿ ಮುಂದ ಉಂಡಿ ಕಟ್ಟಾಕತ್ತಿದ್ಲು. ನಾ ಹಿತ್ತಲದಾಗ ಅರವಿ ಒಣಾ ಹಾಕಾಕತ್ತಿದ್ದೆ. ಮಟಾ ಮಟಾ ಮಧ್ಯಾನ್ನ, ರಾತ್ರಿ ಅಲ್ಲ. ಹುಡುಗ ಕೈಯಾಗ ಒಂದ ಶೇಂಗಾ ಉಂಡಿ ಹಿಡಕೊಂಡು ಯಾವಾಗ ಒಳಗ ಹೋತೋ ಗೊತ್ತಾಗಲಿಲ್ಲ. ಬಾಗಲದಾಗಿಂದ ನೋಡತೇನಿ, ಅಪ್ಪನ ಮುಂದ ಮಂಡಿಗಾಲ ಹಾಕಿ ಕುಂತೈತಿ. ಅಪ್ಪನ ಬಾಯಿ ನೋಡಿ ನಗತೈತಿ. ಹೊಸದಾಗಿ ಸಾಲಿಗೆ ಹೋಗೋ ಹುಡುಗ, ಕಲತದ್ದು ತೋರಸೂ ಹುರುಪು.

"ಮೂವತ್ತೊಂದೋ ಮೂವತ್ತೊಂದ…"

"ಅಪ್ಪಗ ಮುಂದಿಂದ ಬರಂಗಿಲ್ಲ!"

ನೀಲಣ್ಣ ಕೈ ಎತ್ತಿದ, ಅವನ ಬಾಯಿ ಮುಚ್ಚಾಕ. ನಾ ಕೈಯಾಗಿನ ಅರವಿ ಒಗದು ಓಡಿದೆ.

"ಮೂವತ್ತೆರಡು ಅಪ್ಪಾ."

ಸುಮ್ಮ ಆತು ಮನಿ. ಅಷ್ಟ ವರ್ಷ ಆ ದನಿ ಕೇಳಿ ಕೇಳಿ, ಅದು ನಿಂತಕೂಡಲೇ ನನ್ನ ಕಿವಿ ಗುಂಯ್ ಅಂದವು. ಅಡಗಿಮನ್ಯಾಗಿಂದ ದೊಡ್ಡವ್ವ ಓಡಿ ಬಂದ್ಲು. ನೀಲಣ್ಣ ತುಟಿ ಮುಟ್ಟಿಕೊಂಡ. ನನ್ನ ನೋಡಿದ. ಮೊದಲ ಮಾತ ಏನ ಅಂದ ಗೊತ್ತೇನು?

"ರಾಜಬಿ ಬಂದ್ಲೇನು?"

ನನಗ ಅಳು ತಡಕೊಳ್ಳಾಕ ಆಗಲಿಲ್ಲ. ಅವತ್ತ ಸಂಜಿ ಮಟಾ ಮಾತಾಡಿದ. ಆ ರಾತ್ರೀದೆಲ್ಲಾ ಹೇಳಿದ, ನಾ ನಿಮಗ ಹೇಳಿದ್ದು ಅವನ ಬಾಯಿಲೆ ಕೇಳಿದ್ದ. ವೈನಿ ಏನರ ಅಂದಿದ್ಲೇನು ಅಂತ ಕೇಳಿದ. ಏನೂ ಅನಲಿಲ್ಲ ಅಂತ ಸುಳ್ಳ ಹೇಳಿದೆ. ಹುಡುಗನ್ನ ಹತ್ತರ ಕರಕೊಂಡು ಅದರ ತುಟೀನ ನೋಡಕೋತ ಕುಂತ. ಹುಡುಗ ಉಂಡಿ ತಿನಕೋತ ಆಡತಿತ್ತು, ಅದರ ಬಾಯಾಗ ಏನೂ ಲೆಕ್ಕ ಇರಲಿಲ್ಲ. "ಅನ್ನಾಕತ್ತಿಲ್ಲಲ್ಲ? ಅನ್ನಾಕತ್ತಿಲ್ಲಲ್ಲ ತಂಗೀ?" ಅಂತ ನೂರ ಸಲ ಕೇಳಿದ. ಇಲ್ಲೋ ಯಣ್ಣಾ, ಇಲ್ಲ ಅಂದೆ. ರಾತ್ರಿ ಮಲಗಿದಾಂವ ಮುಂಜಾನಿ ಏಳಲಿಲ್ಲ.

ಅದರ ಹಿಂದಿಂದ ದೊಡ್ಡವ್ವನೂ ಹೋದ್ಲು. ಹುಡುಗನ್ನ ಆ ಊರಾಗ ಬಿಡಬಾರದು ಅಂತ ನಾ ಇಲ್ಲಿ ಕರಕೊಂಡ ಬಂದೆ. ನಿಮ್ಮ ಕಾಕಾ ಒಂದ ಮಾತ ಬ್ಯಾಡ ಅನಲಿಲ್ಲ. ಯಾರು ಅಂತ ತಿಳೀತಲ್ಲ? ಹ್ಞೂಂ, ನಮ್ಮ ರುದ್ರೂನ. ಸಂಜೀಕ ನಿಮ್ಮ ಜೋಡಿ ಗೋಲಿ ಆಡಿದನಲ್ಲ, ಅವನ. ಸಣ್ಣ ದನೀಲೆ ಮಾತಾಡ್ರಿ, ಒಳಗ ಮಲಗ್ಯಾನ.

ಛಲೋ ಅದಾನ ಹುಡುಗ. ಊಟಾ ಮಾಡ್ತಾನ, ಸಾಲ್ಯಾಗ ಜಾಣ. ಒಂದ ದಿನಾನೂ ನಿದ್ದ್ಯಾಗ ಏನೂ ಅಂದಿಲ್ಲ. ನಾ ರಾತ್ರಿ ಎದ್ದ ಎದ್ದ ಕಿವಿಗೊಟ್ಟ ಕೇಳೇನಿ. ಬರೀ ಉಸಿರು.

ನಿಮ್ಮ ಕಾಕಾಗ ಜ್ವಾಳ ಆಗಿಬರಂಗಿಲ್ಲ, ಅದು ನಿಮಗೂ ಗೊತ್ತು. ಈ ಮನ್ಯಾಗ ಗೋದಿ ಚಪಾತಿ, ಅನ್ನ. ಜ್ವಾಳ ಒಂದ ಕಾಳ ತರಂಗಿಲ್ಲ. ಆದರ ಮುಂಜಾನಿ ರುದ್ರೂನ ಚಡ್ಡಿ ಒಗಿಯಾಕ ತಗೊಂಡರ ಕಿಸೇದಾಗ ಜ್ವಾಳ ಇರ್ತಾವ. ಮೊದಲ ನಾಕ ಕಾಳು ಇರ್ತಿದ್ದವು. ಎಲ್ಲೆರೆ ಆಡಕೋತ ಹಾಕ್ಕೊಂಡಾನ ಅಂತ ಸುಮ್ಮನಿದ್ದೆ. ಆಮ್ಯಾಲ ಹಿಡಿ ತುಂಬ. ಈಗ ಎರಡೂ ಕಿಸೆ ತುಂಬ ಇರ್ತಾವ. ಕೇಳಿದರ ಹುಡುಗ ನನ್ನ ಮಾರಿ ನೋಡ್ತಾನ, "ನನಗೇನ ಗೊತ್ತ ಅತ್ತಿ" ಅಂತಾನ. ಖರೇನ ಗೊತ್ತಿಲ್ಲ ಅವಗ. ಎತ್ತಿಕೊಟ್ಟಾಂವ ರಾಶಿ ಮುಗಸಬೇಕು ಅಂತ ಅವಗ ಯಾರೂ ಹೇಳಿಲ್ಲ.

ನಂಬಲಿಲ್ಲಂದರ ಬಿಡ್ರಿ, ನಾ ನಂಬಸಾಕ ಹೇಳಿಲ್ಲ. ಹಿತ್ತಲದಾಗ ಡಬ್ಬಿ ಐತಿ, ಅದರಾಗ ಹಾಕಿಟ್ಟೇನಿ. ಬೆಳಗಾದ ಮ್ಯಾಲ ಹೋಗಿ ನೋಡ್ರಿ. ಎಷ್ಟ ಆಗ್ಯಾವ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ. ನಾ ಅಳದಿಲ್ಲ.